ಮನೆ ನಿಯಮ ಮೊದಲೇ ಬರೆದಿಡಿ, ಆಮೇಲೆ ಆಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರ ವಿಭಾಗದಲ್ಲಿ ಕಲಬುರಗಿಯ ಹಿರಿಯರೊಬ್ಬರು ಬರೆದಿದ್ದರು. ರಜೆಯಲ್ಲಿ ಮೊಮ್ಮಕ್ಕಳು ಯುದ್ಧದ ಬೋರ್ಡ್ ಆಟಕ್ಕೆ ಕುಳಿತರೆ ಆಟಕ್ಕಿಂತ ಜಗಳವೇ ಜಾಸ್ತಿಯಂತೆ. ಒಬ್ಬೊಬ್ಬರು ಒಂದೊಂದು ನಿಯಮ ಹೇಳುತ್ತಾರಂತೆ. ಡಬ್ಬಿಯೊಳಗೆ ಬಂದ ಪುಸ್ತಕದ ನಿಯಮದಲ್ಲಿ ಒಂದಕ್ಷರ ಬದಲಿಸಿದರೂ ಅದು ಮೋಸವೇ ಎಂದು ಅವರ ವಾದ. ಇವತ್ತು ಆಟದ ನಿಯಮ ತಿರುಚಿದ ಮಗು ನಾಳೆ ಕಾನೂನನ್ನೂ ತಿರುಚುತ್ತದೆ ಎಂದೂ ಬರೆದಿದ್ದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಮಕ್ಕಳ ಜಗಳ ನೋಡಿ ಯಾರಿಗೂ ಬೇಸರವಾಗುತ್ತದೆ. ಆದರೆ ಅವರ ತೀರ್ಪನ್ನು ಒಪ್ಪಲು ನನಗೆ ಆಗುತ್ತಿಲ್ಲ. ಆಡುವವರೇ ಸೇರಿ ಮಾಡಿಕೊಳ್ಳುವ ನಿಯಮವನ್ನು, ಅಂದರೆ ಮನೆ ನಿಯಮವನ್ನು, ನಾನು ಮೋಸ ಎನ್ನುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಜಾಗ ಕೊಡಬೇಕು.

ನಾನು ಬೀದರಿನಲ್ಲಿ ಪಿಯು ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಯುದ್ಧದ ನಕ್ಷೆ ಹಾಸಿಕೊಂಡು ಆಡುತ್ತೇವೆ. ವಾಯುಪಡೆಯಿಂದ ನಿವೃತ್ತರಾದ ನಮ್ಮ ನೆರೆಯವರು ಬರುತ್ತಾರೆ. ನನ್ನ ತಮ್ಮ ಇರುತ್ತಾನೆ. ನನ್ನ ಹತ್ತಿರ ಓದಿ ಈಗ ಇಂಜಿನಿಯರಿಂಗ್ ಮಾಡುತ್ತಿರುವ ಇಬ್ಬರು ಹುಡುಗಿಯರು ಬರುತ್ತಾರೆ. ಈ ಆಟಗಳನ್ನು ಹೊರದೇಶದಿಂದ ತರಿಸುವುದು ದುಬಾರಿ. ಹಾಗಾಗಿ ಒಂದೆರಡು ಬಿಟ್ಟರೆ ಉಳಿದವನ್ನು ನಾವೇ ಮಾಡಿಕೊಂಡಿದ್ದೇವೆ. ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ತೆಗೆಸಿ ರಟ್ಟಿಗೆ ಅಂಟಿಸುತ್ತೇವೆ. ಕಾಯಿಗಳನ್ನು ಲ್ಯಾಮಿನೇಟ್ ಮಾಡಿಸಿ ಕತ್ತರಿಸುತ್ತೇವೆ. ಆರು ಮೂಲೆಯ ಮನೆಗಳನ್ನು, ಅಂದರೆ ಹೆಕ್ಸ್‌ಗಳನ್ನು, ಕೈವಾರದಿಂದ ಎಳೆಯುವುದು ನನ್ನ ಕೆಲಸ. ವೃತ್ತದ ತ್ರಿಜ್ಯವನ್ನೇ ಅದರ ಅಂಚಿನ ಮೇಲೆ ಆರು ಸಲ ಗುರುತು ಮಾಡಿ, ಆ ಗುರುತುಗಳನ್ನು ಗೆರೆಯಿಂದ ಕೂಡಿಸಿದರೆ ಹೆಕ್ಸ್ ಸಿದ್ಧ. ಹತ್ತನೇ ತರಗತಿಯ ಹುಡುಗರೂ ಮಾಡಬಲ್ಲರು.

ಆ ಹೆಕ್ಸ್ ಕೂಡ ಮೊದಲಿನಿಂದ ಇದ್ದದ್ದಲ್ಲ. ಚಾರ್ಲ್ಸ್ ರಾಬರ್ಟ್ಸ್ ಎಂಬ ಅಮೆರಿಕದವರು 1954ರಲ್ಲಿ ಟ್ಯಾಕ್ಟಿಕ್ಸ್ ಎಂಬ ಆಟ ತಂದಾಗ ಅದರಲ್ಲಿ ಚೌಕ ಮನೆಗಳೇ ಇದ್ದವು. ಚೌಕದಲ್ಲಿ ಒಂದು ತೊಂದರೆ ಇದೆ. ಮೂಲೆಗೆ ಹೋದ ಕಾಯಿ ನೇರ ಹೋದ ಕಾಯಿಗಿಂತ ಸುಮಾರು 1.4 ಪಟ್ಟು ದೂರ ಹೋಗಿಬಿಡುತ್ತದೆ. ಹೆಕ್ಸ್‌ನಲ್ಲಿ ಆರು ನೆರೆಮನೆಗಳೂ ಸಮ ದೂರ. 1961ರಲ್ಲಿ ಅವರ ಅವಲಾನ್ ಹಿಲ್ ಕಂಪನಿಯೇ ಹೆಕ್ಸ್‌ಗೆ ಬದಲಾಯಿತು. ಅಚ್ಚಾದದ್ದೇ ಕೊನೆಯ ಮಾತು ಅಂದುಕೊಂಡಿದ್ದರೆ ಇವತ್ತಿಗೂ ಚೌಕದ ಮೇಲೆಯೇ ಆಡಬೇಕಾಗಿತ್ತು.

ಹಿರಿಯರು ನಮ್ಮ ಕಡೆಯ ಹುಲಿ-ಕುರಿ ಆಟವನ್ನು ನೆನಪು ಮಾಡಿಕೊಂಡರೆ ಸಾಕು. ಸಾಮಾನ್ಯವಾಗಿ 3 ಹುಲಿ, 15 ಕುರಿ, ಗೆರೆ ಕೂಡುವ 23 ಜಾಗ. ಅದು ಅಪ್ಪಟ ಯುದ್ಧದ ಆಟ. ಒಂದು ಪಕ್ಷದಲ್ಲಿ ಸಂಖ್ಯೆ ಕಡಿಮೆ, ಬಲ ಜಾಸ್ತಿ. ಇನ್ನೊಂದರಲ್ಲಿ ಬಲ ಇಲ್ಲ, ಸಂಖ್ಯೆಯೇ ಬಲ. ಹಂಪಿಯ ಕಲ್ಲು ಹಾಸುಗಳ ಮೇಲೆ ಇಂಥ ಎಷ್ಟೋ ಆಟದ ಪಟಗಳನ್ನು ಕೊರೆದಿದ್ದಾರೆ. ಆದರೆ ನಿಯಮ ಎಲ್ಲಿ ಕೊರೆದಿದ್ದಾರೆ? ಎಲ್ಲೂ ಇಲ್ಲ. ಎಲ್ಲ ಕುರಿಗಳನ್ನು ಇಟ್ಟು ಮುಗಿಯುವ ಮುಂಚೆ ಇಟ್ಟ ಕುರಿಯನ್ನು ನಡೆಸಬಹುದೋ ಇಲ್ಲವೋ? ಹುಲಿ ಒಂದೇ ಪಾಳಿಯಲ್ಲಿ ಎರಡು ಕುರಿ ಹಾರಬಹುದೋ ಇಲ್ಲವೋ? ಊರಿಗೊಂದು ಉತ್ತರ. ನಮ್ಮ ತಾಯಿಯ ತವರಿನಲ್ಲಿ ಎರಡು ಹಾರಿದರೆ ಕುಣಿದಾಡುತ್ತಿದ್ದರು. ಬೀದರಿನ ನಮ್ಮ ಓಣಿಯಲ್ಲಿ ಎರಡನೆಯದನ್ನು ವಾಪಸ್ ಇಡಿಸುತ್ತಿದ್ದರು. ಯಾರದ್ದು ಮೋಸ? ಎರಡೂ ಕಡೆ ಆಟ ಚೆನ್ನಾಗಿಯೇ ನಡೆಯುತ್ತಿತ್ತು. ಯಾಕೆಂದರೆ ಆಯಾ ಓಣಿಯ ಮಕ್ಕಳಿಗೆಲ್ಲ ಆ ನಿಯಮ ಮೊದಲೇ ಗೊತ್ತಿತ್ತು. ಜಗಳ ಹುಟ್ಟುತ್ತಿದ್ದದ್ದು ಬೇರೆ ಊರಿನ ಅಕ್ಕನ ಮಕ್ಕಳು ರಜೆಗೆ ಬಂದಾಗ. ಅದೂ ಹುಲಿ ಹಾರಿದ ಮೇಲೆ.

ಚದುರಂಗದಲ್ಲೂ ಇದೇ ಕಥೆ. ಹಳೆಯ ದೇಶಿ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ರಾಜನಿಗೆ ಒಂದು ಸಲ ಕುದುರೆಯಂತೆ ಹಾರುವ ಅವಕಾಶ ಇತ್ತು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಮೊದಲು ಕಲಿತದ್ದು ದೇಶಿ ನಿಯಮದ ಆಟವನ್ನೇ. ಆಮೇಲೆ ಅಂತರರಾಷ್ಟ್ರೀಯ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಎರಡು ನಿಯಮ ಗೊತ್ತಿದ್ದದ್ದರಿಂದ ಅವರ ಆಟ ಕೆಡಲಿಲ್ಲ.

ಈಗ ನಾನು ಮನಸ್ಸಿಟ್ಟು ಆಡುವ ಆಟಗಳಿಗೆ ಬರುತ್ತೇನೆ. 1970ರಲ್ಲಿ ಜಿಮ್ ಡನಿಗನ್ ರೂಪಿಸಿದ ಪ್ಯಾಂಜರ್‌ಬ್ಲಿಟ್ಜ್ ಎಂಬ ಆಟ ಬಂತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಮತ್ತು ಸೋವಿಯತ್ ಟ್ಯಾಂಕುಗಳ ಕಾಳಗ ಅದರ ವಿಷಯ. ನಕ್ಷೆಯ ಒಂದು ಹೆಕ್ಸ್ ಅಂದರೆ 250 ಮೀಟರ್. ಅಷ್ಟು ಚಿಕ್ಕ ಅಳತೆಯಲ್ಲಿ ಯುದ್ಧ ತೋರಿಸಿದ ಆಟ ಅಲ್ಲಿಯವರೆಗೆ ಅಂಗಡಿಗೆ ಬಂದಿರಲಿಲ್ಲ ಎನ್ನಬಹುದು. ಜನ ಮುಗಿಬಿದ್ದು ಕೊಂಡರು. ಆಡುತ್ತಾ ಆಡುತ್ತಾ ಅದರೊಳಗೊಂದು ತೂತು ಕಂಡಿತು. ಕಾಡಿನ ಹೆಕ್ಸ್‌ನಲ್ಲಿರುವ ತುಕಡಿಯ ಮೇಲೆ ನೇರ ಗುಂಡು ಹಾರಿಸಬೇಕಾದರೆ ನಿಮ್ಮ ತುಕಡಿಯೊಂದು ಅದರ ಪಕ್ಕದಲ್ಲೇ ಇರಬೇಕು. ಇದು ಸರಿಯಾದ ನಿಯಮವೇ, ಕಾಡಿನಲ್ಲಿ ಅಡಗಿದವನು ದೂರದಿಂದ ಕಾಣುವುದಿಲ್ಲ. ಆದರೆ ಎದುರಾಳಿ ನಡೆಯುತ್ತಿರುವಾಗ ಗುಂಡು ಹಾರಿಸುವ ಅವಕಾಶವೇ ಇರಲಿಲ್ಲ. ನಿಮ್ಮ ಪಾಳಿ ಬಂದಾಗ ಮಾತ್ರ ಗುಂಡು. ಎರಡೂ ಸೇರಿ ಏನಾಯಿತು? ಟ್ಯಾಂಕುಗಳು ಒಂದು ಕಾಡಿನಿಂದ ಹೊರಟು, ಬಟ್ಟ ಬಯಲಿನಲ್ಲಿ ನಿಮ್ಮ ತೋಪುಗಳ ಬಾಯಿಯ ಮುಂದೆಯೇ ಓಡಿ, ಇನ್ನೊಂದು ಕಾಡಿನೊಳಗೆ ಸೇರಿಬಿಡುತ್ತಿದ್ದವು. ನೀವು ಸುಮ್ನೆ ನೋಡುತ್ತಾ ಕೂರಬೇಕು. ಆಟಗಾರರು ಇದಕ್ಕೆ ಪ್ಯಾಂಜರ್‌ಬುಶ್ ಎಂದೇ ಹೆಸರಿಟ್ಟರು.

ಅಚ್ಚಾದ ನಿಯಮವೇ ವೇದ ಎಂದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಆಡುವವರು ನಿಲ್ಲಲಿಲ್ಲ. ಎದುರಾಳಿ ಬಯಲು ದಾಟುವಾಗ ಕಾದು ಕುಳಿತ ತುಕಡಿ ಗುಂಡು ಹಾರಿಸಬಹುದು ಎಂದು ತಮ್ಮ ತಮ್ಮ ಮನೆಗಳಲ್ಲಿ ನಿಯಮ ಮಾಡಿಕೊಂಡರು. ಒಂದೊಂದು ಗುಂಪಿನದು ಒಂದೊಂದು ಬಗೆ. ಅವಲಾನ್ ಹಿಲ್ 1964ರಿಂದ ಒಂದು ಪತ್ರಿಕೆ ಹೊರಡಿಸುತ್ತಿತ್ತು. ಆಟಗಾರರು ಕಳುಹಿಸಿದ ಇಂಥ ಬದಲಾವಣೆಗಳನ್ನು ಅದರಲ್ಲಿ ಅಚ್ಚು ಹಾಕುತ್ತಿದ್ದರು. 1974ರಲ್ಲಿ ಪ್ಯಾಂಜರ್ ಲೀಡರ್ ಎಂಬ ಮುಂದಿನ ಆಟ ಬಂದಾಗ, ಎದುರಾಳಿ ನಡೆಯುವಾಗಲೇ ಗುಂಡು ಹಾರಿಸುವ ನಿಯಮ ಅದರ ಪುಸ್ತಕದಲ್ಲೇ ಇತ್ತು. ಮನೆಗಳಲ್ಲಿ ಆಡುತ್ತಿದ್ದದ್ದು ನಾಲ್ಕೇ ವರ್ಷದಲ್ಲಿ ಅಚ್ಚಿನ ನಿಯಮವಾಯಿತು. ಇದನ್ನು ಮೋಸ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೂ ಹಿಂದೆ ಹೋದರೆ, 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಜ್ ಅಧಿಕಾರಿಗಳ ತರಬೇತಿಗೆ ಯುದ್ಧದ ಆಟದ ನಿಯಮ ಪ್ರಕಟಿಸಿದರು. 1:8000 ಅಳತೆಯ ನಕ್ಷೆ, ದಾಳ, ಕೋಷ್ಟಕ, ನಡುವೆ ಒಬ್ಬ ತೀರ್ಪುಗಾರ. ಕಾಲ ಕಳೆದಂತೆ ಕೋಷ್ಟಕಗಳು ಬೆಳೆದು ಆಟ ಭಾರವಾಯಿತು. 1876ರಲ್ಲಿ ಫಾನ್ ವೆರ್ಡಿ ಎಂಬ ಇನ್ನೊಬ್ಬ ಅಧಿಕಾರಿ, ಕೋಷ್ಟಕ ಬದಿಗಿಡಿ, ಅನುಭವ ಇರುವ ತೀರ್ಪುಗಾರನೇ ನಿರ್ಧರಿಸಲಿ ಎಂದರು. ನಿಯಮ ಗಟ್ಟಿಯಾಗಿರಬೇಕೋ ಸಡಿಲವಾಗಿರಬೇಕೋ ಎಂಬ ವಾದ ಅಷ್ಟು ಹಳೆಯದು. ಶಿಸ್ತಿಗೆ ಹೆಸರಾದ ಪ್ರಷ್ಯಾದ ಸೈನ್ಯದಲ್ಲೇ ನಡೆದದ್ದು.

ಹಾಗಂತ ಮನೆ ನಿಯಮ ಎಲ್ಲವೂ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಕೆಲವು ಆಟವನ್ನೇ ಹಾಳು ಮಾಡುತ್ತವೆ. ಅದರಲ್ಲೂ ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುವ ನಿಯಮಗಳ ಬಗ್ಗೆ ಎಚ್ಚರ ಬೇಕು.

ಒಂದು ಉದಾಹರಣೆ ಕೊಡುತ್ತೇನೆ. 1977ರ ಸ್ಕ್ವಾಡ್ ಲೀಡರ್ ಎಂಬ ಆಟದಲ್ಲಿ ಪ್ರತಿ ತುಕಡಿಗೂ ಒಂದು ಧೈರ್ಯದ ಅಂಕ ಇರುತ್ತದೆ. ಗುಂಡಿನ ಪೆಟ್ಟು ಬಿದ್ದಾಗ ಎರಡು ದಾಳ ಹಾಕಬೇಕು. ಮೊತ್ತ ಆ ಅಂಕಕ್ಕೆ ಸಮ ಅಥವಾ ಕಡಿಮೆ ಬಂದರೆ ತುಕಡಿ ನಿಲ್ಲುತ್ತದೆ, ಜಾಸ್ತಿ ಬಂದರೆ ಕಂಗೆಟ್ಟು ಓಡುತ್ತದೆ. ನಮ್ಮ ಗುಂಪಿನಲ್ಲಿ ಒಂದು ಸಲಹೆ ಬಂತು. ರಾತ್ರಿ ಯುದ್ಧದಲ್ಲಿ ಎಲ್ಲರಿಗೂ ಭಯ ಜಾಸ್ತಿ ಅಲ್ವಾ? ಹಾಗಾಗಿ ರಾತ್ರಿ ಆಟದಲ್ಲಿ ಎರಡೂ ಪಕ್ಷದವರ ದಾಳಕ್ಕೆ ಒಂದು ಸೇರಿಸೋಣ. ಎಲ್ಲರಿಗೂ ಒಂದೇ, ಹಾಗಾಗಿ ಸಮ.

ಕೇಳಲು ಸಮ. ಲೆಕ್ಕ ಹಾಕಿ ನೋಡಿ. ಎರಡು ದಾಳ ಬೀಳುವ ಬಗೆ ಒಟ್ಟು 36. ಅದರಲ್ಲಿ 7 ಅಥವಾ ಅದಕ್ಕಿಂತ ಕಡಿಮೆ ಬರುವುದು 21 ಬಗೆ, ಅಂದರೆ ನೂರಕ್ಕೆ 58. ಒಂದು ಸೇರಿಸಿದರೆ 6 ಅಥವಾ ಕಡಿಮೆ ಬರಬೇಕು. ಅದು 15 ಬಗೆ, ನೂರಕ್ಕೆ 42. ಅಂದರೆ 7 ಅಂಕದ ಸಾಮಾನ್ಯ ತುಕಡಿಗೆ ನೂರರಲ್ಲಿ ಸುಮಾರು 17 ಅವಕಾಶ ಕೈಬಿಟ್ಟು ಹೋಯಿತು. ಈಗ 10 ಅಂಕದ ಗಟ್ಟಿ ನಾಯಕನನ್ನು ನೋಡಿ. ಅವನಿಗೆ 33 ಬಗೆ ಇದ್ದದ್ದು 30ಕ್ಕೆ ಇಳಿಯಿತು. ನೂರರಲ್ಲಿ ಬರೀ 8 ಹೋಯಿತು. ಎರಡೂ ಪಕ್ಷಕ್ಕೆ ಒಂದೇ ನಿಯಮ, ಆದರೆ 7 ಅಂಕದ ಹೊಸ ಹುಡುಗರ ತುಕಡಿ 10 ಅಂಕದ ಅನುಭವಿ ನಾಯಕನಿಗಿಂತ ಎರಡು ಪಟ್ಟು ಕಳೆದುಕೊಂಡಿತು. ಯಾವ ಪಕ್ಷದಲ್ಲಿ ಹೊಸಬರು ಜಾಸ್ತಿಯೋ ಅವರು ಆಟ ಶುರುವಾಗುವ ಮುಂಚೆಯೇ ಸೋತಂತೆ. ರಾತ್ರಿಯ ಕತ್ತಲು ಹೊಸಬರನ್ನು ಹೆಚ್ಚು ಕಾಡುತ್ತದೆ ಎಂದು ನೀವು ತಿಳಿದೇ ಈ ನಿಯಮ ಮಾಡಿದರೆ ಸರಿ. ಸಮ ಅಂತ ನಂಬಿ ಮಾಡಬಾರದು. ನಾನು ಸಂಭವನೀಯತೆಯ ಪಾಠಕ್ಕೆ ಇದನ್ನೇ ತರಗತಿಗೆ ಒಯ್ಯುತ್ತೇನೆ. ಚೀಲದಲ್ಲಿ ಕೆಂಪು ಚೆಂಡು, ನೀಲಿ ಚೆಂಡು ಅಂದಾಗ ಕಿಟಕಿಯ ಹೊರಗೆ ನೋಡುವ ಮಕ್ಕಳೂ ಇದಕ್ಕೆ ಪೆನ್ನು ಹಿಡಿಯುತ್ತಾರೆ.

ಅದೇ ಆಟದಲ್ಲಿ ಇನ್ನೊಂದು ಹಳೆಯ ತಕರಾರು ಇದೆ. ಗುಂಡಿನ ಬಲದ ಕೋಷ್ಟಕದಲ್ಲಿ 1, 2, 4, 6, 8, 12, 16 ಹೀಗೆ ಅಂಕಣಗಳು. ನಿಮ್ಮ ಬಲ 11 ಇದ್ದರೂ 8ರ ಅಂಕಣದಲ್ಲೇ ನೋಡಬೇಕು. ಉಳಿದ 3 ದಂಡ. 1985ರಲ್ಲಿ ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್ ಬಂದ ಮೇಲೆ ನಡುವಿನ ಅಂಕಗಳಿಗೂ ಅಂಕಣ ಇರುವ ಬೇರೆ ಕೋಷ್ಟಕ ಬಂತು. ಇಬ್ಬರೂ ಒಪ್ಪಿದರೆ ಮಾತ್ರ ಅದನ್ನು ಬಳಸುತ್ತಾರೆ. ಕೆಲವರಿಗೆ ಅದಿಲ್ಲದೆ ಆಗದು, ಕೆಲವರು ಮುಟ್ಟುವುದಿಲ್ಲ. ನಾನು ಎರಡನೇ ಗುಂಪಿನವಳು. ಅಂಕಣ ದಾಟಲು ಇನ್ನೊಂದು ತುಕಡಿಯನ್ನು ಎಲ್ಲಿಂದ ತರಲಿ ಎಂದು ಯೋಚಿಸುವುದರಲ್ಲೇ ಆಟದ ಸೊಗಸು ಇದೆ ಎಂಬುದು ನನ್ನ ಅಭಿಪ್ರಾಯ. ಆದರೆ ಒಪ್ಪಿಗೆ ಆಟದ ಮೊದಲೇ ಆಗುತ್ತದಲ್ಲ, ಆ ಪದ್ಧತಿ ನನಗೆ ತುಂಬಾ ಇಷ್ಟ.

ನಮ್ಮದೇ ನೆಲದ ಯುದ್ಧಗಳನ್ನು ಆಟ ಮಾಡಲು ಹೊರಟಾಗ ಈ ಪ್ರಶ್ನೆಗಳು ಇನ್ನೂ ಗಟ್ಟಿಯಾಗಿ ಎದುರಾದವು. ಯಾಕೆಂದರೆ ಬೀದರ್ ಕೋಟೆಗೆ ಅಚ್ಚಾದ ನಿಯಮ ಪುಸ್ತಕ ಯಾರೂ ಕೊಟ್ಟಿಲ್ಲ. ಬೇರೆ ಆಟದ ನಿಯಮ ತೆಗೆದುಕೊಂಡು ನಾವೇ ತಿದ್ದಬೇಕು.

1657ರಲ್ಲಿ ಔರಂಗಜೇಬ್ ಇನ್ನೂ ರಾಜಕುಮಾರ. ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ನಮ್ಮ ಬೀದರ್ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕಿಲ್ಲೇದಾರ ಸಿದ್ದಿ ಮರ್ಜಾನ್. ಕೋಟೆ ನೋಡಿದವರಿಗೆ ಗೊತ್ತು, ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮಾಡಿದ ಮೂರು ಪದರದ ಕಂದಕ. ಸುಲಭಕ್ಕೆ ಬೀಳುವ ಕೋಟೆಯಲ್ಲ. ಆದರೂ 27 ದಿನಕ್ಕೆ ಬಿತ್ತು. ಬುರುಜಿನ ಬಳಿ ಇಟ್ಟಿದ್ದ ಮದ್ದಿಗೆ ಬೆಂಕಿ ತಗುಲಿ ಸಿಡಿಯಿತು. ಸಿದ್ದಿ ಮರ್ಜಾನ್ ಮತ್ತು ಅವನ ಮಕ್ಕಳು ಸುಟ್ಟ ಗಾಯದಿಂದ ಬಿದ್ದರು. ಆ ಗೊಂದಲದಲ್ಲೇ ಮೊಘಲರು ಒಳನುಗ್ಗಿದರು.

ಇದನ್ನು ಆಟದಲ್ಲಿ ಹೇಗೆ ತರುವುದು? ನಮ್ಮ ನೆರೆಯವರು ಹೇಳಿದರು: ಒಂದು ಪಾಳಿ ಅಂದರೆ ಒಂದು ದಿನ. ಪ್ರತಿ ಪಾಳಿಗೆ ಎರಡು ದಾಳ ಹಾಕೋಣ, 12 ಬಿದ್ದರೆ ಮದ್ದು ಸಿಡಿಯಿತು. 12 ಬೀಳುವುದು 36ಕ್ಕೆ ಒಂದು ಸಲ, ಅಪರೂಪ. ನಾನು ಲೆಕ್ಕ ಹಾಕಿದೆ. ಒಂದು ಪಾಳಿಗೆ ಅಪರೂಪವೇ, ಆದರೆ 27 ಪಾಳಿ ಆಡಿದರೆ ಒಂದು ಸಲವಾದರೂ ಬೀಳುವ ಸಾಧ್ಯತೆ ನೂರಕ್ಕೆ 53. ಅರ್ಧಕ್ಕಿಂತ ಜಾಸ್ತಿ! ಆಗ ನನ್ನ ವಿದ್ಯಾರ್ಥಿನಿ ಒಬ್ಬಳು ಎದ್ದು ನಿಂತು ವಾದಿಸಿದಳು. ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡು ಕೋಟೆ ಕಾಯುವುದು, ಕೊನೆಗೆ ಒಂದು ದಾಳ ಬಿದ್ದು ಎಲ್ಲ ಮುಗಿಯುವುದು, ಇದು ಯಾವ ಆಟ ಎಂದಳು. ನೆರೆಯವರು ಬಿಡಲಿಲ್ಲ. ಯುದ್ಧದಲ್ಲಿ ಆದದ್ದೇ ಹಾಗೆ, ಮದ್ದು ಕೇಳಿ ಸಿಡಿಯುವುದಿಲ್ಲ ಎಂದರು.   ಇಬ್ಬರ ಮಾತಿನಲ್ಲೂ ಸತ್ಯ ಇತ್ತು.

ಉಪಾಯ ಹೇಳಿದ್ದು ನನ್ನ ತಮ್ಮ. ಮದ್ದು ಎಲ್ಲಿ ಇಡಬೇಕು ಎನ್ನುವುದನ್ನು ಕಿಲ್ಲೇದಾರನಿಗೇ ಬಿಡೋಣ ಎಂದ. ಬುರುಜಿನ ಹತ್ತಿರ ಇಟ್ಟರೆ ಪ್ರತಿ ಪಾಳಿಗೂ ತೋಪು ಹಾರಿಸಬಹುದು, ಆದರೆ 12 ಬಿದ್ದರೆ ಸಿಡಿಯುತ್ತದೆ. ಒಳಕೋಟೆಯಲ್ಲಿ ಇಟ್ಟರೆ ಭಯವಿಲ್ಲ, ಆದರೆ ಹೊತ್ತು ತರಬೇಕಾದ್ದರಿಂದ ಪಾಳಿ ಬಿಟ್ಟು ಪಾಳಿ ಮಾತ್ರ ತೋಪು. ಪ್ರತಿ ಬುರುಜಿಗೂ ಬೇರೆ ಬೇರೆ ನಿರ್ಧಾರ. ಆಡಿ ನೋಡಿದೆವು. ಪಕ್ಷ ಬದಲಿಸಿ ಮತ್ತೆ ಆಡಿದೆವು. ಆಟದ ಜೀವವೇ ಬದಲಾಯಿತು. ಮೊಘಲರು ಕಂದಕ ತುಂಬುತ್ತಾ ಹತ್ತಿರ ಬಂದಂತೆ, ಒಳಗಿನವರಿಗೆ ಮದ್ದನ್ನು ಮುಂದೆ ತರಬೇಕೆಂಬ ಆಸೆ ಜಾಸ್ತಿಯಾಗುತ್ತದೆ. ಸಿದ್ದಿ ಮರ್ಜಾನ್ ಮದ್ದನ್ನು ಯಾಕೆ ಅಷ್ಟು ಮುಂದೆ ಇಟ್ಟಿರಬಹುದು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಆ ಕುರ್ಚಿಯಲ್ಲಿ ಕುಳಿತು ಆಡಿದಾಗ ಯೋಚಿಸಿದೆ. ದಾಳ ಇದೆ, ಅದೃಷ್ಟವೂ ಇದೆ. ಆದರೆ ಆ ಅದೃಷ್ಟದ ಹತ್ತಿರ ಹೋಗಬೇಕೋ ಬೇಡವೋ ಎನ್ನುವುದು ಆಡುವವರ ಕೈಯಲ್ಲಿದೆ. ಒಳ್ಳೆಯ ಮನೆ ನಿಯಮ ಅಂದರೆ ನನಗೆ ಇದು.

ಅದೇ ಔರಂಗಜೇಬ್ 48 ವರ್ಷದ ನಂತರ, 1705ರಲ್ಲಿ, ಈಗಿನ ಯಾದಗಿರಿ ಜಿಲ್ಲೆಯ ವಾಗಣಗೇರಾಕ್ಕೆ ಮುತ್ತಿಗೆ ಹಾಕಿದ. ಆಗ ಅವನಿಗೆ 86 ವಯಸ್ಸು. ಅವನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಎದುರಿಗೆ ಬೇಡ ನಾಯಕರ ಪಿಡ್ಡನಾಯಕ. ಬೇಡರ ಬಂದೂಕಿನ ಗುರಿಗೆ ಮೊಘಲರೇ ಹೆದರುತ್ತಿದ್ದರು. ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಕೋಟೆ ಬಗ್ಗಲಿಲ್ಲ. ಮರಾಠರು ನೆರವಿಗೆ ಬಂದರು. ನಾಯಕ ಸಂಧಿಯ ಮಾತು ಎತ್ತಿ ಸಮಯ ಪಡೆದ. ಕೊನೆಗೆ ರಾತ್ರೋರಾತ್ರಿ ತನ್ನವರನ್ನು ಕರೆದುಕೊಂಡು ಹೊರಟುಹೋದ. ಮೊಘಲರಿಗೆ ಸಿಕ್ಕಿದ್ದು ಖಾಲಿ ಕೋಟೆ.

ಇದಕ್ಕೆ ಮಾಮೂಲಿ ಗೆಲುವಿನ ನಿಯಮ ಹಾಕಿದರೆ ಏನಾಗುತ್ತದೆ? ಕೊನೆಯ ಪಾಳಿಯಲ್ಲಿ ಕೋಟೆ ಯಾರ ಕೈಯಲ್ಲಿದೆಯೋ ಅವರು ಗೆದ್ದರು. ಅಂದರೆ ಮೊಘಲರು ಗೆದ್ದರು. ನನಗೆ ಇದು ಸುಳ್ಳು ಅನಿಸುತ್ತದೆ. ಅಷ್ಟು ದೊಡ್ಡ ಸೈನ್ಯ ಮೂರು ತಿಂಗಳ ಹತ್ತಿರ ಒಂದು ಸಣ್ಣ ಸಂಸ್ಥಾನದ ಕೋಟೆಯ ಮುಂದೆ ಕುಳಿತು, ನಾಯಕನನ್ನೇ ಹಿಡಿಯದೆ ಹೋದರೆ ಅದು ಯಾವ ಗೆಲುವು? ಪಿಡ್ಡನಾಯಕ ಕೋಟೆ ಬಿಟ್ಟ, ತನ್ನ ಜನರನ್ನು ಬಿಡಲಿಲ್ಲ. ನಾಯಕರ ಮನೆತನ ಆಮೇಲೆ ಸುರಪುರದಿಂದ ಆಳಿತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದದ್ದು ಅದೇ ಮನೆತನದಿಂದ.

ಹಾಗಾಗಿ ಗೆಲುವಿನ ನಿಯಮವನ್ನೇ ಬದಲಿಸಿದೆವು. ಆಟ ಶುರುವಾಗುವ ಮುಂಚೆ ನಾಯಕನ ಪಕ್ಷದವರು ಒಂದು ಚೀಟಿಯಲ್ಲಿ ಗುಟ್ಟಾಗಿ ಬರೆದಿಡಬೇಕು: ನಿಲ್ಲುತ್ತೇವೆ, ಅಥವಾ ಹೊರಡುತ್ತೇವೆ. ನಿಲ್ಲುತ್ತೇವೆ ಎಂದು ಬರೆದರೆ ಕೊನೆಯವರೆಗೆ ಕೋಟೆ ಉಳಿಸಿಕೊಳ್ಳಬೇಕು. ಹೊರಡುತ್ತೇವೆ ಎಂದು ಬರೆದರೆ ಹೆಂಗಸರು, ಮಕ್ಕಳು, ಖಜಾನೆ ಎಂದು ಗುರುತಿಸಿದ ಕಾಯಿಗಳನ್ನು ನಕ್ಷೆಯ ಅಂಚು ದಾಟಿಸಬೇಕು. ಜೊತೆಗೆ ಸಂಧಿಯ ನಿಯಮ. ನಾಯಕ ಒಂದು ಸಲ ಸಂಧಿ ಕೇಳಬಹುದು. ಮೊಘಲ್ ಪಕ್ಷ ಒಪ್ಪಿದರೆ ಎರಡು ಪಾಳಿ ಗುಂಡು ನಿಲ್ಲುತ್ತದೆ, ಒಪ್ಪದಿದ್ದರೆ ಮುತ್ತಿಗೆ ಮುಂದುವರಿಯುತ್ತದೆ. ಎದುರಾಳಿ ನಿಜವಾಗಿ ಸಂಧಿ ಕೇಳುತ್ತಿದ್ದಾನೋ, ಹೊರಡಲು ಹೊತ್ತು ಕೇಳುತ್ತಿದ್ದಾನೋ? ಚೀಟಿ ಮಡಚಿದೆ, ಗೊತ್ತಾಗುವುದಿಲ್ಲ. ಇಂಜಿನಿಯರಿಂಗ್ ಓದುವ ಹುಡುಗಿಯರು ಈ ಜಾಗದಲ್ಲಿ ಎದುರಿನವರ ಮುಖವನ್ನೇ ನೋಡುತ್ತಾ ಕೂರುತ್ತಾರೆ.

ಚೀಟಿ ಬರೆದಿಡುತ್ತೇವೆ ಎಂದೆನಲ್ಲ, ನಮ್ಮ ಮನೆಯಲ್ಲಿ ನಿಯಮವೂ ಹಾಗೆಯೇ. ಒಂದು ಉದ್ದದ ರಿಜಿಸ್ಟರ್ ಇದೆ. ಯಾರಿಗಾದರೂ ನಿಯಮ ಬದಲಿಸಬೇಕು ಅನಿಸಿದರೆ ಅದರಲ್ಲಿ ಬರೆಯಬೇಕು. ಈಗಿರುವ ನಿಯಮ ಎಲ್ಲಿ ತೊಡಕಾಗುತ್ತಿದೆ ಎಂದು ಮೊದಲು, ಪರಿಹಾರ ಆಮೇಲೆ. ಬರೆದದ್ದು ಮುಂದಿನ ಆಟಕ್ಕೆ. ಅವತ್ತಿನ ಆಟಕ್ಕೆ ಎಂದಿಗೂ ಇಲ್ಲ. ನಡೆಯುತ್ತಿರುವ ಆಟದಲ್ಲಿ ಪುಸ್ತಕ ಉತ್ತರ ಕೊಡದ ಪ್ರಶ್ನೆ ಎದ್ದರೆ ದಾಳ ಹಾಕಿ ಆ ಕ್ಷಣಕ್ಕೆ ತೀರ್ಮಾನಿಸುತ್ತೇವೆ, ವಾದ ರಿಜಿಸ್ಟರಿಗೆ ಹೋಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಹಾಕಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ನಿಯಮ ತಂದವರೇ ಮೊದಲ ಸಲ ಅದರಿಂದ ನಷ್ಟ ಆಗುವ ಪಕ್ಷದಲ್ಲಿ ಆಡಬೇಕು. ಇದೊಂದು ನಿಯಮ ಬಂದ ಮೇಲೆ ನಮ್ಮ ರಿಜಿಸ್ಟರಿನಲ್ಲಿ ಸಲಹೆಗಳು ಕಡಿಮೆಯಾದವು, ಇರುವವು ಚೆನ್ನಾಗಿ ಬರುತ್ತಿವೆ. ಹೊಸಬರು ಬಂದ ದಿನ ಮಾತ್ರ ಪುಸ್ತಕದ ನಿಯಮ ಬಿಟ್ಟು ಬೇರೆ ಇಲ್ಲ. ಅವರು ನಮ್ಮ ಓಣಿಯ ಕಾಯ್ದೆ ತಿಳಿಯದೆ ಸೋಲುವುದು ನ್ಯಾಯವಲ್ಲ.

ನಾನು ಕಡಾಖಂಡಿತವಾಗಿ ವಿರೋಧಿಸುವ ಎರಡು ಬಗೆಯ ಬದಲಾವಣೆಗಳಿವೆ. ಒಂದು, ನಿಜದಂತೆ ಇರಬೇಕು ಎಂದು ಒಂದರ ಮೇಲೊಂದು ಹೇರುವುದು. ಪ್ರತಿ ಬಂದೂಕಿನ ಗುಂಡು ಎಣಿಸುವುದು, ಮಳೆ, ಗಾಳಿ, ಎತ್ತಿನ ಮೇವು ಎಲ್ಲಕ್ಕೂ ದಾಳ. ಒಂದು ಪಾಳಿ ಮುಗಿಯುವಷ್ಟರಲ್ಲಿ ಸಂಜೆಯಾಗುತ್ತದೆ, ಆಡುವವರು ಗುಮಾಸ್ತರಾಗುತ್ತಾರೆ. ಇನ್ನೊಂದು, ಚಿಕ್ಕ ಮಕ್ಕಳು ಸೋತು ಅಳುತ್ತಾರೆಂದು ದಾಳ ಮತ್ತೆ ಹಾಕಲು ಬಿಡುವುದು. ಅದರ ಬದಲು ಆಟದ ಮೊದಲೇ ಮಗುವಿಗೆ ಎರಡು ತುಕಡಿ ಜಾಸ್ತಿ ಕೊಡಿ, ಅಥವಾ ಮೂರು ಸಲ ದಾಳ ಮತ್ತೆ ಹಾಕುವ ಹಕ್ಕು ಎಂದು ಅಂಗಿಯ ಮೂರು ಗುಂಡಿ ಕೈಯಲ್ಲಿಡಿ. ಮುಗಿದರೆ ಮುಗಿಯಿತು. ಆಗ ಮಗು ಆ ಗುಂಡಿಗಳನ್ನು ಎಲ್ಲಿ ಖರ್ಚು ಮಾಡಲಿ ಎಂದು ಯೋಚಿಸಲು ಕಲಿಯುತ್ತದೆ. ಪಾಪ ಎಂದು ಕೊಟ್ಟದ್ದನ್ನು ಮಕ್ಕಳು ತಕ್ಷಣ ಗುರುತಿಸುತ್ತಾರೆ, ಅದು ಅವರಿಗೆ ಇಷ್ಟವೂ ಆಗುವುದಿಲ್ಲ.

ಕಲಬುರಗಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಮೊಮ್ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಬದಲಿಸಬೇಡಿ ಎನ್ನಬೇಡಿ, ಬರೆಯಿರಿ ಎನ್ನಿ. ಆಟಕ್ಕೆ ಕೂರುವ ಮುಂಚೆ ಅದನ್ನು ಜೋರಾಗಿ ಓದಿಸಿ, ಎಲ್ಲರ ಸಹಿ ಹಾಕಿಸಿ. ನೀವೇ ತೀರ್ಪುಗಾರರಾಗಿ ಕುಳಿತರೆ ಇನ್ನೂ ಒಳ್ಳೆಯದು. ಕಾನೂನು ಬದಲಾಗುವುದೂ ಹೀಗೆಯೇ ಅಲ್ವಾ? ಮೊದಲು ಬರೆದು, ಚರ್ಚೆ ಮಾಡಿ, ಒಪ್ಪಿ, ಆಮೇಲೆ ಜಾರಿ. ನಡೆದು ಹೋದದ್ದಕ್ಕೆ ಸಾಮಾನ್ಯವಾಗಿ ಹಿಂದಿನಿಂದ ಹಚ್ಚುವುದಿಲ್ಲ. ನಿಮ್ಮ ಮೊಮ್ಮಕ್ಕಳು ಅದನ್ನು ಆಟದಲ್ಲೇ ಕಲಿಯಬಹುದು.

ಸಂಪಾದಕರಲ್ಲೂ ಒಂದು ಕೇಳಿಕೆ ಇದೆ. ಭಾನುವಾರದ ಪುರವಣಿಯಲ್ಲಿ ಹುಲಿ-ಕುರಿ ಆಟದ ಊರೂರಿನ ನಿಯಮಗಳನ್ನು ಓದುಗರಿಂದ ತರಿಸಿ ಹಾಕಿ. ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆಯಲ್ಲೇ ಎಷ್ಟು ಬಗೆ ಸಿಗುತ್ತದೋ ನೋಡೋಣ. ಆಡಿದ ಅಜ್ಜ-ಅಜ್ಜಿಯರು ಇರುವಾಗಲೇ ಇದು ಆಗಬೇಕು.

ಕೊನೆಯದಾಗಿ ಸುರಪುರ, ವಾಗಣಗೇರಾ ಕಡೆಯ ಓದುಗರಿಗೆ. ನಮ್ಮ ನಕ್ಷೆಯಲ್ಲಿ ಕೋಟೆಯ ಸುತ್ತಲಿನ ಗುಡ್ಡಗಳನ್ನು ಉಪಗ್ರಹ ಚಿತ್ರ ನೋಡಿ ಹಾಕಿಕೊಂಡಿದ್ದೇವೆ. ಮೊಘಲರ ಬರಹಗಳಲ್ಲಿ ಲಾಲ್ ಟೀಕ್ರಿ ಎಂದು ಬರುವ ದಿಬ್ಬವನ್ನೂ ಗುರುತಿಸಿದ್ದೇವೆ. ಆದರೆ ಬಂಡೆಗಳ ನಡುವೆ ಕುದುರೆ ಹೋಗುವ ದಾರಿ ಯಾವುದು, ಬರೀ ಕಾಲಾಳು ಹತ್ತುವ ದಾರಿ ಯಾವುದು, ಬೇಸಿಗೆಯಲ್ಲೂ ನೀರಿರುವ ಬಾವಿ ಎಲ್ಲಿದೆ ಎನ್ನುವುದು ಚಿತ್ರದಲ್ಲಿ ಕಾಣುವುದಿಲ್ಲ. ದನ ಮೇಯಿಸಲು ಆ ಗುಡ್ಡ ಹತ್ತಿದವರಿಗೆ ಗೊತ್ತಿರುತ್ತದೆ. ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ನೀರು ಎಲ್ಲಿದೆ ಎಂದು ತಿಳಿದರೆ ಮೊಘಲ್ ಶಿಬಿರದ ನಿಯಮವನ್ನು ಮತ್ತೆ ಬರೆಯಬೇಕಾಗುತ್ತದೆ, ರಿಜಿಸ್ಟರಿನಲ್ಲಿ ಅದಕ್ಕಾಗಿ ಒಂದು ಪುಟ ಖಾಲಿ ಬಿಟ್ಟಿದ್ದೇವೆ.

ಇಂತಿ,
ಗಣಿತ ಉಪನ್ಯಾಸಕಿ, ಬೀದರ್